ತಾಯಿಯ ತವರೂರಿನಲ್ಲಿ ಎರಡು ದಿನ

ನನ್ನ ಮಾತೃಶ್ರೀಯವರು ಕಾಲವಾಗಿ ನಾಲ್ಕು ವರುಷಗಳು ಸಂದವು. ಅವರು ಹುಟ್ಟಿ ಬೆಳೆದ ಊರು ವಿಜಯಪುರ; ಅವರ ಬಾಯಲ್ಲಿ ಅದು ಕೊನೆಯ ವರೆಗೂ ಬಿಜಾಪುರವೇ ಆಗಿದ್ದಿತು. 2014 ನೆಯ ಇಸವಿಯ ನವೆಂಬರ 1 ರಂದು ಆ ಊರಿಗೆ ಅದರ ಪ್ರಾಚೀನ ನಾಮವು ಮರಳಿ ಬಂದಾಗ, ಸಂಸ್ಕೃತದ ವಕಾರವು ದೇಶಭಾಷೆಗಳಲ್ಲಿ ಬಕಾರವಾಗುವ ಬಗೆಯನ್ನು ನಾನು ಅವರಿಗೆ ವಿಸ್ತಾರವಾಗಿ ತಿಳಿಸಹೋದೆನು. ಅವರು ಮೆಂತೆಯ ಸೊಪ್ಪನ್ನು ಸೋಸುತ್ತ ಕುಳಿತಿದ್ದವರು ತಲೆಯೆತ್ತದೆ, “ಹೆಸರು ಏನರ ಇರಲಿ, ಊರು ಅಲ್ಲೇ ಅದ ಇಲ್ಲೋ?” ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಪರಿಹಾಸವಿತ್ತೆಂದು ಆಗ ನಾನು ತಿಳಿದೆನು.

ಮನೆಯಲ್ಲಿ ನಾವು ಮಕ್ಕಳು ಅವರನ್ನು ‘ಅವ್ವಾ’ ಎಂದು ಏಕವಚನದಲ್ಲಿಯೇ ಕರೆಯುತ್ತಿದ್ದೆವು. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಬಹುವಚನವನ್ನು ಹಚ್ಚಿದರೆ ಬೇರೆ ಯಾರನ್ನೋ ಕುರಿತು ಬರೆದಂತಾಗುವದು. ವಾಚಕರು ಇದನ್ನು ಅಗೌರವವೆಂದು ಎಣಿಸಲಾಗದು.

ಅವ್ವನು 1958 ರಲ್ಲಿ, ತನ್ನ ಹದಿನೇಳನೆಯ ವಯಸ್ಸಿನಲ್ಲಿ, ಲಗ್ನವಾಗಿ ಧಾರವಾಡಕ್ಕೆ ಬಂದಳು. ಎರಡು ಊರುಗಳಿಗೂ ಅಜಗಜಾಂತರ. ಧಾರವಾಡವು ಸಹ್ಯಾದ್ರಿಯ ಮಗ್ಗುಲಿನ ಊರು. ಜಿಟಿಜಿಟಿ ಮಳೆಯಲ್ಲಿ ವಾರಗಟ್ಟಲೆ ಬಟ್ಟೆಗಳು ಒಣಗವು. ಬಿಜಾಪುರವೋ ಬಯಲು ಸೀಮೆಯ ಬಿಸಿಲೂರು. ಅಲ್ಲಿ ಹುಟ್ಟಿದವರಿಗೆ ನೀರೆಂದರೆ ಬಂಗಾರದ ಒಡವೆ. ಅವ್ವನು ಗಂಡನ ಮನೆಗೆ ತಂದ ಬಳುವಳಿಯಲ್ಲಿ ಒಂದು ತಾಮ್ರದ ಹಂಡೆ, ಎರಡು ಕೊಡ, ಒಂದು ಕೌದಿ, ಮತ್ತು ಈ ನೀರಿನ ಭಯ ಇವಿಷ್ಟೇ ಇದ್ದವೆಂದು ನಮ್ಮ ಅಜ್ಜಿ, ಅಂದರೆ ಅವ್ವನ ಅತ್ತೆ, ನಗುತ್ತ ಹೇಳುತ್ತಿದ್ದಳು.

ನಮ್ಮ ಮನೆಯಲ್ಲಿ ನೀರು ಒಂದೇ ಸಲ ಕೆಲಸ ಮಾಡಿ ಬಿಡುಗಡೆ ಹೊಂದುತ್ತಿರಲಿಲ್ಲ. ಅಕ್ಕಿ ತೊಳೆದ ನೀರು ಆಕಳ ಬಾನಿಗೆ. ಕಾಯಿಪಲ್ಲೆ ತೊಳೆದ ನೀರು ಬಾಳೆಯ ಬುಡಕ್ಕೆ. ಬಚ್ಚಲದ ನೀರು ಹಿತ್ತಲಿನ ಕೆಸವಿಗೆ. ಕುಡಿಯುವ ನೀರಿನ ಕೊಡಕ್ಕೆ ಎರಡು ಪದರಿನ ಬಟ್ಟೆ ಕಟ್ಟಿ ಸೋಸುವಳು. ಆ ಬಟ್ಟೆಯನ್ನು ಒಗೆದು ಬಿಸಿಲಿಗೆ ಹಾಕದೆ ಮರುದಿನ ಮುಟ್ಟಳು. ಹೊರಗೆ ಧೋ ಎಂದು ಮಳೆ ಸುರಿಯುತ್ತಿರಲು ಒಳಗೆ ನಮ್ಮವ್ವ, ಚರಿಗೆಯಲ್ಲಿ ಉಳಿದ ಗುಟುಕು ನೀರನ್ನು ಚೆಲ್ಲಿದ್ದಕ್ಕಾಗಿ ನನ್ನ ಕಿವಿ ಹಿಂಡುತ್ತಿರುವ ದೃಶ್ಯವನ್ನು ವಾಚಕರು ಕಲ್ಪಿಸಿಕೊಳ್ಳಬೇಕು! ನೆರೆಮನೆಯವರು ಅವಳಿಗೆ “ಬಿಜಾಪುರದಾಕಿ” ಎಂದೇ ಹೆಸರಿಟ್ಟಿದ್ದರು. ನಾನು ಶಾಲೆಗೆ ಹೋಗುವ ವಯಸ್ಸಿನಲ್ಲಿ ಆ ಹೆಸರಿಗೆ ನಾಚಿಕೊಳ್ಳುತ್ತಿದ್ದೆನು. ಇದನ್ನು ಬರೆಯುವದು ಸುಖಕರವಲ್ಲ. ಆದರೂ ನಿಜವಾದುದರಿಂದ ಬರೆಯುತ್ತೇನೆ.

ರೊಟ್ಟಿಯ ವಿಷಯದಲ್ಲಂತೂ ಅವಳು ಯಾರೊಡನೆಯೂ ರಾಜಿಯಾಗಲಿಲ್ಲ. ಜೋಳವು ಬಿಜಾಪುರದ ಕಡೆಯ ಹಿಂಗಾರಿಯ ಬಿಳಿ ಜೋಳವೇ ಆಗಬೇಕು. ಡೋಣಿ ಹೊಳೆಯ ದಂಡೆಯ ಕರಿಯ ಭೂಮಿ ಒಂದು ವರುಷ ಒಲಿದು ಬೆಳೆಯಿತೆಂದರೆ ಓಣಿ ಓಣಿಗಳಲ್ಲಿ ಕಾಳು ಸುರಿಯುವದೆಂದು ಆ ಕಡೆಯ ಜನರ ಮಾತು. ಅದನ್ನು ಅವಳು ವೇದವಾಕ್ಯದಂತೆ ಹೇಳುತ್ತಿದ್ದಳು. ವರುಷಕ್ಕೊಮ್ಮೆ ಚೀಲ ಬಂದಿತೆಂದರೆ ಮೂರು ದಿನ ಮನೆಯಲ್ಲಿ ಮರದ ಸಪ್ಪಳವೇ ಸಪ್ಪಳ. ಹಸನು ಮಾಡಿ, ಬಿಸಿಲಿಗೆ ಹಾಕಿ, ಬೇವಿನ ಎಲೆಗಳನ್ನು ಪದರು ಪದರಾಗಿ ಹಾಸಿ ತುಂಬುವಳು. ಗೋದಿಯ ಹಿಟ್ಟಿಗೆ ಇರುವ ಜಿಗುಟು ಜೋಳದ ಹಿಟ್ಟಿಗಿಲ್ಲ; ತಣ್ಣೀರಿನಲ್ಲಿ ನಾದಿದರೆ ಬಡಿಯುವಾಗ ಬಿರುಕು ಬಿಡುವದು. ಆದುದರಿಂದ ಹಿಟ್ಟಿನ ನಡುವೆ ಗುಳಿ ಮಾಡಿ ಕುದಿಯುವ ಎಸರನ್ನು ಹೊಯ್ದು, ಮುಚ್ಚಿ, ಕೈಗೆ ತಾಳುವಷ್ಟು ಆರಿದ ಮೇಲೆ ನಾದಬೇಕು. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದ ಕೂಡಲೆ ಮೇಲ್ಮುಖಕ್ಕೆ ಒದ್ದೆಯ ಅರಿವೆಯಿಂದ ನೀರು ಸವರಬೇಕು. ಒಂದು ಕ್ಷಣ ತಡವಾದರೆ ಹಿಟ್ಟು ಬೆಳ್ಳಗೆ ಒಡೆಯುವದು. ಈ ಪ್ರಕ್ರಿಯೆಯನ್ನು ನಾನು ಇಷ್ಟು ಖಚಿತವಾಗಿ ಬರೆಯಲು ಬಂದದ್ದು ಹೇಗೆಂದರೆ, ಗಂಡುಮಗನೆಂದು ಅವಳು ನನಗೆ ವಿನಾಯಿತಿ ಕೊಡಲಿಲ್ಲ. “ಹೊಟ್ಟಿ ಇದ್ದವರು ಎಲ್ಲಾರೂ ಕಲೀಬೇಕು” ಎಂಬುದೇ ಅವಳ ಧರ್ಮಶಾಸ್ತ್ರವಾಗಿದ್ದಿತು. ನನ್ನ ರೊಟ್ಟಿ ಇಂದಿಗೂ ಪೂರ್ಣಚಂದ್ರನಾಗದೆ ಅಷ್ಟಮಿಯ ಚಂದ್ರನಂತಿರುವದು. ಆದರೂ ನನ್ನ ಹೆಂಡತಿಯ ಕಾಯಿಲೆಯ ದಿನಗಳಲ್ಲಿ ನಾವು ಹಸಿದು ಮಲಗಲಿಲ್ಲ.

ಇಂಥ ಅವ್ವನು ನನ್ನನ್ನು ಜೀವಮಾನದಲ್ಲಿ ಕೇಳಿದುದು ಬಹಳ ಕಡಿಮೆ. ಒಂದನ್ನು ಮಾತ್ರ ಪದೇ ಪದೇ ಕೇಳುತ್ತಿದ್ದಳು. “ಒಮ್ಮೆ ಬಿಜಾಪುರಕ್ಕ ಕರಕೊಂಡು ಹೋಗೋ. ತಾಜ ಬಾವಡಿ ನೋಡಿ ಬರೂಣು.” ನಾನು, “ಬರುವ ಸೂಟಿಗೆ ಹೋಗೋಣ” ಎನ್ನುವೆನು. ಬರುವ ಸೂಟಿಗೆ ಉತ್ತರಪತ್ರಿಕೆಗಳ ಕಟ್ಟು ಬರುವದು. ಒಂದು ವರುಷ ಚುನಾವಣೆಯ ಕೆಲಸ. 1991, 2001, 2011 ರಲ್ಲಿ ಜನಗಣತಿ. ಮತ್ತೊಂದು ವರುಷ ಮಗಳ ಲಗ್ನ. ಕಾರಣಗಳೊಂದೂ ಸುಳ್ಳಲ್ಲ. ಆದರೆ ಅದೇ ವರುಷಗಳಲ್ಲಿ ನಾನು ಕಾಶಿಗೆ ಹೋಗಿ ಬಂದೆನು, ಪುಣೆಯ ಗ್ರಂಥಾಲಯಗಳನ್ನು ನೋಡಿ ಬಂದೆನು. ರೈಲಿನಲ್ಲಿ ಕುಳಿತರೆ ಒಂದೇ ಹಗಲಿನೊಳಗೆ ಮುಟ್ಟುವ ಊರಿಗೆ ಮಾತ್ರ ಬಿಡುವು ದೊರೆಯಲಿಲ್ಲ. 2016 ರಲ್ಲಿ ಹೋಗುವದೆಂದು ನಿಶ್ಚಯಿಸಿದೆವು. ಹೊರಡುವ ಮುಂಚೆ ಅವ್ವನು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಆಮೇಲೆ ಅವಳು ಕೇಳುವದನ್ನೇ ಬಿಟ್ಟಳು. ಒಂದು ದಿನ ವೃತ್ತಪತ್ರಿಕೆಯಲ್ಲಿ ಆ ಬಾವಡಿಯ ಹೂಳು ತೆಗೆಸುತ್ತಿರುವರೆಂದು ಓದಿ ಹೇಳಿದಾಗ ಮಾತ್ರ ಹಾಸಿಗೆಯಿಂದ ಅರ್ಧ ಎದ್ದು, “ನೀರು ಬಂತೇನೋ?” ಎಂದಳು. ಬರಬಹುದೆಂದು ನಾನು ಅಂದೆನು.

ನಾನು 2024 ರಲ್ಲಿ ನಿವೃತ್ತನಾದೆನು. ಮುಂದಿನ ವರುಷದ ಜನವರಿಯಲ್ಲಿ, ಸಂಕ್ರಾಂತಿ ಕಳೆದು ಹತ್ತು ದಿನಗಳಾದ ಮೇಲೆ, ಬಿಜಾಪುರಕ್ಕೆ ಹೋಗಿ ಬರುವೆನೆಂದು ರಾಣೇಬೆನ್ನೂರಲ್ಲಿರುವ ಅಕ್ಕನಿಗೆ ದೂರವಾಣಿಯಲ್ಲಿ ಹೇಳಿದೆನು. ಅಕ್ಕನಿಗೆ ಅರುವತ್ತೈದು ವರುಷ, ಮೊಣಕಾಲಿನ ನೋವು ಬೇರೆ. “ನಾನೂ ಬರತೀನಿ” ಎಂದಳು. ಮರುಮಾತಿಗೆ ಆಸ್ಪದ ಕೊಡಲಿಲ್ಲ. ಹುಬ್ಬಳ್ಳಿಯ ನಿಲ್ದಾಣದಲ್ಲಿ ಭೇಟಿಯಾದಾಗ ಅವಳ ಕೈಯಲ್ಲಿ ಒಂದು ದೊಡ್ಡ ಚೀಲವಿತ್ತು: ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಒಂದು ಡಬ್ಬಿಯ ತುಂಬ ಉಂಡಿ. “ಎರಡು ದಿನಕ್ಕ ಇಷ್ಟ್ಯಾಕ?” ಎಂದು ಕೇಳಿದೆನು. ಅಕ್ಕ ನಕ್ಕಳು, ಉತ್ತರ ಕೊಡಲಿಲ್ಲ.

ಗದಗ, ಬಾದಾಮಿ, ಬಾಗಲಕೋಟೆಗಳ ಮೇಲೆ ಹಾಯುವ ಈ ದಾರಿಯಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆ ಮೂರೂ ನದಿಗಳು ಬರುತ್ತವೆ. ನಾನು ಏಳು ವರುಷದ ಹುಡುಗನಾಗಿದ್ದಾಗ, 1971 ರ ಪಂಚಮಿಗೆ, ಅವ್ವನ ಜೊತೆಗೆ ಇದೇ ದಾರಿಯಿಂದ ಹೋಗಿದ್ದೆನು. ಆಗ ಇಕ್ಕಟ್ಟಾದ ಮೀಟರ್‌ಗೇಜಿನ ಹಳಿ, ಹೊಗೆಯುಗುಳುವ ಎಂಜಿನ್ನು. ಕಿಟಕಿಯಲ್ಲಿ ತಲೆ ಹಾಕಿದ ತಪ್ಪಿಗೆ ಕಣ್ಣಲ್ಲಿ ಇದ್ದಿಲ ಕಣ. ಕೃಷ್ಣೆಯ ಸೇತುವೆ ಬಂದಾಗ ಅವ್ವನು ಒಂದು ದುಡ್ಡನ್ನು ನೀರಿಗೆಸೆದು ಕೈಮುಗಿದಳು. ಈಗ ಅಲ್ಲಿ ಆಲಮಟ್ಟಿಯ ಜಲಾಶಯದ ಹಿನ್ನೀರು ಸಮುದ್ರದಂತೆ ಹರಡಿದೆ. 1964 ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲಿಟ್ಟ ಆ ಆಣೆಕಟ್ಟಿನ ನೀರಿನಲ್ಲಿ ಹಳೆಯ ಬಾಗಲಕೋಟೆಯ ಬಹುಭಾಗ ಮುಳುಗಿ, ಜನರು ನವನಗರವೆಂಬ ಹೊಸ ಊರನ್ನು ಕಟ್ಟಿಕೊಳ್ಳಬೇಕಾಯಿತು. ಅಕ್ಕ ಆ ನೀರನ್ನು ಬಹಳ ಹೊತ್ತು ನೋಡಿ, “ಎಷ್ಟು ಮಂದಿ ಹೆಣ್ಣುಮಕ್ಕಳ ತವರುಮನಿ ಇದರಾಗ ಹೋದವೋ!” ಎಂದಳು. ನನಗಾದರೋ ಎಕರೆಗಳ ಲೆಕ್ಕ ತಲೆಯಲ್ಲಿತ್ತು.

ಬಿಜಾಪುರವು ಸಮೀಪಿಸುತ್ತಿರಲು ಬಯಲಿನ ಅಂಚಿನಲ್ಲಿ ಮೊದಲು ಕಾಣುವದು ಗೋಳಗುಮ್ಮಟ. ನಿಲ್ದಾಣದಿಂದ ಅದು ಹತ್ತಿರವೇ. ಊರಿಗೆ ಹೋಗುವ ಗೃಹಸ್ಥರಿಗೆ ಒಂದು ಸೂಚನೆ: ಗುಮ್ಮಟವನ್ನು ಬೆಳಗು ಹರಿಯುವ ಹೊತ್ತಿಗೆ, ಶಾಲೆಯ ಮಕ್ಕಳ ಪ್ರವಾಸದ ಬಸ್ಸುಗಳು ಬರುವ ಮೊದಲೇ ನೋಡಬೇಕು. ಆ ಮೇಲೆ ಅಲ್ಲಿ ಕೇಳಿಸುವದು ಪಿಸುಮಾತಲ್ಲ, ಸಂತೆ. ನಾವು ಮರುದಿನ ನಸುಕಿನಲ್ಲಿ ಹೋದೆವು. ಮಹಮ್ಮದ ಆದಿಲಶಾಹನು (ಆಳಿಕೆ 1627 ರಿಂದ 1656) ತನಗಾಗಿ ಕಟ್ಟಿಸಿಕೊಂಡ ಈ ಸಮಾಧಿಯ ಗುಮ್ಮಟದ ಹೊರವ್ಯಾಸ ಸುಮಾರು 144 ಅಡಿ. ಒಳಗೆ ಅದಕ್ಕೆ ಒಂದು ಕಂಬದ ಆಸರೆಯೂ ಇಲ್ಲ. ಚೌಕಾಕಾರದ ಕೋಣೆಯ ಮೇಲೆ ದುಂಡನೆಯ ಭಾರವನ್ನು ಹೇಗೆ ಕೂಡ್ರಿಸಬೇಕು? ಒಂದರೊಡನೊಂದು ಹೆಣೆದುಕೊಂಡ ಎಂಟು ಕಮಾನುಗಳನ್ನು ಎಬ್ಬಿಸಿ, ಚೌಕದ ಮೂಲೆಗಳನ್ನು ಮುರಿದು, ಮೇಲೆ ಒಂದು ಬಳೆಯನ್ನು ಸಿದ್ಧಮಾಡಿ, ಆ ಬಳೆಯ ಮೇಲೆ ಗುಮ್ಮಟವನ್ನು ಇಟ್ಟರು. ನಾನಿದನ್ನು ಅಕ್ಕನಿಗೆ ಬೋಧಿಸುತ್ತಿರಲು ಅವಳು ತಲೆಯೆತ್ತಿ ನೋಡಿ, “ಸಿಂಬಿ ಇಟ್ಟಾರ” ಎಂದಳು. ತಲೆಯ ಮೇಲೆ ದುಂಡನೆಯ ಕೊಡ ನಿಲ್ಲಬೇಕಾದರೆ ಅರಿವೆಯ ಸಿಂಬಿ ಬೇಕಷ್ಟೆ. ನನ್ನ ಅರ್ಧ ಗಂಟೆಯ ಉಪನ್ಯಾಸವು ಒಂದು ಮಾತಿನಲ್ಲಿ ಮುಗಿಯಿತು.

ಅವಳು ಕೆಳಗೆ ಕುಳಿತಳು. ನಾನೊಬ್ಬನೇ ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ ಮೆಟ್ಟಿಲುಗಳನ್ನು, ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತ, ಹತ್ತಿದೆನು. ವಯಸ್ಸಾದವರು ಈ ಮೆಟ್ಟಿಲುಗಳ ವಿಷಯದಲ್ಲಿ ಹಟ ಮಾಡಬಾರದು. ಅವು ಎತ್ತರವಾಗಿಯೂ ಕಡಿದಾಗಿಯೂ ಇವೆ. ಗುಮ್ಮಟದ ಒಳಬದಿಯ ಸುತ್ತುಗಟ್ಟೆಯ ಮೇಲೆ ಗೋಡೆಗೆ ಕಿವಿಗೊಟ್ಟು ಕುಳಿತರೆ, ಆಚೆಯ ಮಗ್ಗುಲಲ್ಲಿ, ನೂರಿಪ್ಪತ್ತು ಅಡಿಗಳಿಗೂ ಮಿಗಿಲಾದ ದೂರದಲ್ಲಿ ಆಡಿದ ಪಿಸುಮಾತು ಹತ್ತಿರದಲ್ಲೇ ಆಡಿದಂತೆ ಕೇಳುವದು. 1971 ರಲ್ಲಿ ನಮ್ಮ ಸೋದರಮಾವನು ನನ್ನನ್ನು ಇಲ್ಲಿಗೆ ಎತ್ತಿಕೊಂಡು ಬಂದಿದ್ದನು. ನಾನು “ಅವ್ವಾ” ಎಂದು ಕೂಗಿದೆನು. ಆ ಕೂಗು ಎಷ್ಟೋ ಸಲ ಮರಳಿ ಮರಳಿ ಬಂದಿತು. ಕೆಳಗೆ ನಿಂತ ಅವ್ವನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವಳು ಹಾಗೆ ನಕ್ಕುದನ್ನು ಧಾರವಾಡದಲ್ಲಿ ನಾನು ಕಂಡುದಿಲ್ಲ. ಈ ಸಲ ನಾನು ಸುಮ್ಮನೆ ಕುಳಿತು ಇಳಿದು ಬಂದೆನು.

ಊರಿನ ಉಳಿದ ಸ್ಮಾರಕಗಳನ್ನು ಸಂಕ್ಷೇಪವಾಗಿ ಹೇಳುವೆನು. 1490 ರಿಂದ 1686 ರಲ್ಲಿ ಔರಂಗಜೇಬನ ಕೈವಶವಾಗುವ ವರೆಗೆ ಇದು ಆದಿಲಶಾಹಿಯ ರಾಜಧಾನಿ. ಕೋಟೆಯ ಬುರುಜಿನ ಮೇಲೆ ಬಿದ್ದಿರುವ ಮಲಿಕ ಎ ಮೈದಾನವೆಂಬ ತೋಪು 1549 ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದುದು. ಐವತ್ತೈದು ಟನ್ನುಗಳ ತೂಕದ್ದೆಂದು ಹೇಳುತ್ತಾರೆ. ಅದರ ಬಾಯಿ ಆನೆಯನ್ನು ನುಂಗುವ ಸಿಂಹದ ಬಾಯಿ. ಜನರು ಅದನ್ನು ಮುಟ್ಟಿ ಮನಸ್ಸಿನ ಬಯಕೆ ಹೇಳಿಕೊಳ್ಳುತ್ತಾರೆ. ಮನುಷ್ಯರನ್ನು ಕೊಲ್ಲಲೆಂದು ಮಾಡಿದ ವಸ್ತುವಿನ ಮುಂದೆ ವರ ಬೇಡುವದು ನನಗೇನೋ ಸರಿಗಾಣಲಿಲ್ಲ. ಎರಡನೆಯ ಅಲಿಯು 1672 ರಲ್ಲಿ ತೀರಿಕೊಂಡುದರಿಂದ ಅರ್ಧಕ್ಕೇ ನಿಂತುಹೋದ ಬಾರಾ ಕಮಾನಿನ ಕಪ್ಪು ಕಮಾನುಗಳು ಸಂಜೆಯ ಬೆಳಕಿನಲ್ಲಿ ಮಾತ್ರ ನೋಡತಕ್ಕವು. ಇಬ್ರಾಹಿಮ ರೋಜಾ ಬೇರೆಯೇ ಒಂದು ಜಗತ್ತು. ಒಂದೇ ಜಗಲಿಯ ಮೇಲೆ ಸಮಾಧಿಯೂ ಮಸೀದಿಯೂ ಎದುರೆದುರಾಗಿ ನಿಂತಿವೆ. ಕಿಟಕಿಗಳ ಜಾಲರಿಗಳನ್ನು ಕಲ್ಲಿನಲ್ಲಿ ಅಕ್ಷರಗಳನ್ನೇ ಕೊರೆದು ಮಾಡಿದ್ದಾರೆ, ಬೆಳಕು ಅಕ್ಷರಗಳ ನಡುವಿನಿಂದ ಒಳಗೆ ಬರುವದು. ಅಲ್ಲಿ ಮಲಗಿರುವ ಎರಡನೆಯ ಇಬ್ರಾಹಿಮನು (1580 ರಿಂದ 1627) ಸಂಗೀತದಲ್ಲಿ ಮುಳುಗಿದ ದೊರೆ. ದಖನೀ ಭಾಷೆಯ ತನ್ನ ಗೀತಗ್ರಂಥಕ್ಕೆ ಅವನು ನಮ್ಮ ನವರಸಗಳ ಹೆಸರನ್ನೇ ಇಟ್ಟು ‘ಕಿತಾಬ ಎ ನವರಸ’ವೆಂದು ಕರೆದನು; ಸರಸ್ವತಿಯನ್ನೂ ಗಣಪತಿಯನ್ನೂ ಅದರಲ್ಲಿ ಸ್ತುತಿಸಿದನು. ಜಗದ್ಗುರು ಬಾದಶಹನೆಂದು ಅವನಿಗೆ ಜನರಿಟ್ಟ ಹೆಸರು. ಸಂಸ್ಕೃತದವನಾದ ನಾನು ಅಲ್ಲಿ ಹೆಚ್ಚು ಹೊತ್ತು ನಿಂತುದು ಸಹಜವೇ ಸರಿ; ಅಕ್ಕನ ಮನಸ್ಸು ಮಾತ್ರ ಬೇರೆಡೆಗಿತ್ತು.

ನನ್ನನ್ನು ಎಲ್ಲಕ್ಕಿಂತ ಮಿಗಿಲಾಗಿ ಸೆಳೆದುದು ಆ ಊರಿನ ನೀರಿನ ವ್ಯವಸ್ಥೆ. ಇಂಥ ಒಣ ನೆಲದಲ್ಲಿ ಲಕ್ಷಗಟ್ಟಲೆ ಜನರಿಗೆ ನೀರು ಹೇಗೆ ಒದಗಿತು? ಪಶ್ಚಿಮಕ್ಕಿರುವ ತೊರವಿಯ ಕಡೆಯಿಂದ ಭೂಮಿಯೊಳಗೆ ಸುರಂಗ ಕೊರೆದು ನೀರನ್ನು ತಂದರು. ಮಹಮ್ಮದನ ಕಾಲದಲ್ಲಿ, 1651 ರಲ್ಲಿ, ದಕ್ಷಿಣಕ್ಕೆ ಬೇಗಂ ತಲಾಬವನ್ನು ಕಟ್ಟಿಸಿ ಮಣ್ಣಿನ ಕೊಳವೆಗಳಿಂದ ಊರೊಳಗೆ ಹರಿಯಿಸಿದರು. ದಾರಿಯಲ್ಲಿ ಅಲ್ಲಲ್ಲಿ ಎತ್ತರವಾದ ಕಲ್ಲಿನ ಗೋಪುರಗಳಿವೆ; ‘ಗಂಜ’ ಎನ್ನುತ್ತಾರೆ. ಕೊಳವೆಯೊಳಗಿನ ನೀರಿನ ಒತ್ತಡವನ್ನು ಅಲ್ಲಿ ತಗ್ಗಿಸಿ, ಕೆಸರು ತಳಕ್ಕೆ ಕೂಡ್ರಲು ಅವಕಾಶ ಕೊಟ್ಟು, ತಿಳಿನೀರನ್ನು ಮುಂದಕ್ಕೆ ಕಳಿಸುತ್ತಿದ್ದರು. ಹಂಡೆಯಲ್ಲಿ ರಾತ್ರಿ ನೀರು ತುಂಬಿ ಬೆಳಗಿನ ವರೆಗೆ ಅಲ್ಲಾಡಿಸದೆ ಇಟ್ಟು, ಮೇಲಿನ ನೀರನ್ನು ಮಾತ್ರ ಕುಡಿಯಲು ತೋಡಿ, ತಳದ್ದನ್ನು ಗಿಡಕ್ಕೆ ಹಾಕುತ್ತಿದ್ದ ಅವ್ವನು ನನಗೆ ನೆನಪಾದಳು. ಅದನ್ನು ಅವಳಿಗೆ ಕಲಿಸಿದವಳು ಅವಳ ತಾಯಿ. ಅವಳಿಗೆ ಅವಳ ತಾಯಿ. ನೆರೆಯವರು ನಗುತ್ತಿದ್ದ ನಡತೆಯು ಒಂದು ರಾಜಧಾನಿಯ ವಿದ್ಯೆಯಾಗಿತ್ತು.

ಎರಡನೆಯ ದಿನ ಇಳಿಹೊತ್ತಿಗೆ ಆಟೋರಿಕ್ಷಾ ಮಾಡಿಕೊಂಡು ತಾಜ ಬಾವಡಿಗೆ ಹೋದೆವು. ಬಾವಡಿಯೆಂಬ ಶಬ್ದವು ಸಂಸ್ಕೃತದ ವಾಪಿಯಿಂದ ಬಂದುದು. 1620 ರ ಕಟ್ಟಡ. ಇಬ್ರಾಹಿಮನ ರಾಣಿ ತಾಜ ಸುಲ್ತಾನಳ ಹೆಸರನ್ನು ಹೊತ್ತಿದೆ. ಎರಡು ಕಡೆಗೂ ಎಂಟು ಮುಖಗಳ ಗೋಪುರಗಳು, ನಡುವೆ ವಿಶಾಲವಾದ ಕಮಾನು. ಕಮಾನನ್ನು ದಾಟಿದರೆ ಕೆಳಗೆ ಚೌಕಾಕಾರದ ಕೊಳ, ಅದಕ್ಕಿಳಿಯುವ ಮೆಟ್ಟಿಲುಗಳು. ಅವ್ವನ ತವರುಮನೆ ಇಲ್ಲಿಂದ ಎರಡು ಓಣಿಗಳ ಆಚೆಗೆ ಇದ್ದಿತು. ಹುಡುಕಿಕೊಂಡು ಹೋದೆವು. ಓಣಿ ಇತ್ತು, ಮನೆ ಇರಲಿಲ್ಲ. ಅದರ ಜಾಗದಲ್ಲಿ ಮೂರು ಮಾಳಿಗೆಯ ಹೊಸ ಕಟ್ಟಡ, ಕೆಳಗೆ ಔಷಧದ ಅಂಗಡಿ. ಎದುರು ಮಗ್ಗುಲಿಗೆ ಹೊಲಿಗೆಯ ಯಂತ್ರದ ಮುಂದೆ ಕುಳಿತಿದ್ದ ಎಂಬತ್ತರ ಆಸುಪಾಸಿನ ಮುಸಲ್ಮಾನ ಮುದುಕರೊಬ್ಬರು ಕನ್ನಡಕವನ್ನು ಮೇಲೆತ್ತಿ ನಮ್ಮನ್ನು ನೋಡಿ, ಯಾರು ಬೇಕೆಂದು ಕೇಳಿದರು. ಹೇಳಿದೆವು. “ಆ ಮನಿಯವರಾ? ಪಂಚಮಿ ಬಂದರ ನಮ್ಮ ಮನಿಗೆ ಉಂಡಿ ಕಳಿಸ್ತಿದ್ದರು. ಮಾರಿ ಹೋಗಿ ಭಾಳ ವರ್ಸ ಆತು” ಎಂದರು. ಅಕ್ಕ ಚೀಲದಿಂದ ಡಬ್ಬಿಯನ್ನು ತೆಗೆದು ನಾಲ್ಕು ಉಂಡಿಗಳನ್ನು ಅವರ ಕೈಯಲ್ಲಿಟ್ಟಳು. ಪುಷ್ಯಮಾಸದಲ್ಲಿ ಪಂಚಮಿಯ ಉಂಡಿ! ಮುದುಕರು ಒಂದೂ ಮಾತನಾಡದೆ ಅವನ್ನು ಒಂದು ಬಿಳಿಯ ಬಟ್ಟೆಯ ತುಂಡಿನಲ್ಲಿ ಕಟ್ಟಿಟ್ಟರು.

ಮರಳಿ ಬಾವಡಿಗೆ ಬಂದು ಕಟ್ಟೆಯ ಮೇಲೆ ಕುಳಿತೆವು. ನೀರಿತ್ತು, ಹಸಿರು ಛಾಯೆಯ ನೀರು. ಪಾರಿವಾಳಗಳು ಕಮಾನಿನೊಳಗೆ ಹಾರಾಡುತ್ತಿದ್ದವು. ನಾನು ಸಮಾಧಾನದಿಂದ, “ಅಂತೂ ಅವ್ವ ನೋಡಬೇಕಂದಿದ್ದನ್ನ ನಾವರ ನೋಡಿದಿವಿ” ಎಂದೆನು.

“ಆಕಿ ಬಾವಡಿ ನೋಡಬೇಕಂದಿದ್ದಳು ಅಂತ ತಿಳಿದೀ ಏನು ತಮ್ಮಾ?” ಎಂದಳು ಅಕ್ಕ.

ಆಮೇಲೆ ಅವಳು ಹೇಳಿದುದನ್ನು ನಾನು ಅರುವತ್ತು ವರುಷದವನಾಗುವ ವರೆಗೂ ಅರಿತಿರಲಿಲ್ಲ. ಅಜ್ಜನು ತೀರಿಕೊಂಡ ಮೇಲೆ ಸೋದರಮಾವಂದಿರು ಮನೆಯ ಕಾಗದಗಳಿಗೆ ಅವ್ವನ ಸಹಿಯನ್ನು ಕೇಳಲು ಧಾರವಾಡಕ್ಕೆ ಬಂದಿದ್ದರಂತೆ. ಅವ್ವನು ತನಗೆ ಏನೂ ಬೇಡವೆಂದು ಸಹಿ ಮಾಡಿದಳು. “ವರ್ಸಕ್ಕೊಮ್ಮೆ ಪಂಚಮಿಗೆ ಕರೀರಿ, ಸಾಕು” ಎಂಬುದೊಂದೇ ಅವಳ ಮಾತು. ಎರಡು ಪಂಚಮಿಗಳಿಗೆ ಕರೆದರು. ಮೂರನೆಯ ವರುಷಕ್ಕೆ ಮನೆ ಮಾರಿಹೋಯಿತು; ಅಣ್ಣತಮ್ಮಂದಿರು ಒಬ್ಬರು ಸೊಲ್ಲಾಪುರಕ್ಕೆ, ಒಬ್ಬರು ಮುಂಬಯಿಗೆ ಹೊರಟುಹೋದರು. ಮಾರಿದ ಸುದ್ದಿಯೂ ಅವ್ವನಿಗೆ ತಿಳಿದುದು ಮೂರನೆಯವರ ಬಾಯಿಂದ. ಯಾರನ್ನೂ ದೂರಲಿಲ್ಲ. ಅಕ್ಕನೊಬ್ಬಳ ಮುಂದೆ ಮಾತ್ರ, ಒಂದು ಪಂಚಮಿಯ ದಿನ ಶೇಂಗಾ ಹುರಿಯುತ್ತ, “ಮನಿ ಮಾರಬಹುದು, ಬಾವಡಿ ಮಾರಲಿಕ್ಕೆ ಬರೂದಿಲ್ಲಲ್ಲ. ನನ್ನ ತವರು ಅಂದರ ಈಗ ಅದೊಂದ” ಎಂದಿದ್ದಳಂತೆ. ಹುಡುಗಿಯಾಗಿದ್ದಾಗ ಆ ಬಾವಡಿಯಿಂದ ಎರಡು ಕೊಡ ನೀರು ಹೊತ್ತು ತರುವದು ಅವಳ ಪಾಲಿನ ಕೆಲಸವಾಗಿತ್ತು. ಅಂದರೆ ಅವಳು ನನ್ನನ್ನು ಕೇಳುತ್ತಿದ್ದುದು ಐತಿಹಾಸಿಕ ಸ್ಥಳದರ್ಶನವನ್ನಲ್ಲ.

“ನಿನಗ ಗೊತ್ತಿತ್ತು. ನನಗ ಯಾಕ ಹೇಳಲಿಲ್ಲ?” ಎಂದು ನಾನು ಸ್ವಲ್ಪ ಕಠಿಣವಾಗಿಯೇ ಕೇಳಿದೆನು.

“ಹೇಳಬ್ಯಾಡ ಅಂದಿದ್ದಳು. ತವರಿಗೆ ಕರಕೊಂಡು ಹೋಗು ಅಂತ ಮಗನ್ನ ಕೇಳಿದರ ಮಾವಂದಿರ ಮಾತು ಬರತದ ಅಂತ.”

ಗೃಹಿಣಿಯೇ ಗೃಹವೆಂದು ಸಾರುವ ಸುಭಾಷಿತವನ್ನು ನಾನು ಮೂವತ್ತು ವರುಷಗಳ ಕಾಲ ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು. ಅನ್ವಯ, ಸಮಾಸ, ತಾತ್ಪರ್ಯ ಎಲ್ಲವನ್ನೂ ಕರಿಯ ಹಲಗೆಯ ಮೇಲೆ ಬರೆದವನು. ಆ ಗೃಹಿಣಿಗೆ ತನ್ನದೆಂಬ ಗೃಹ ಯಾವುದೆಂದು ಕೇಳಬೇಕೆಂಬ ಬುದ್ಧಿ ನನಗೆ ಒಮ್ಮೆಯೂ ಹೊಳೆಯಲಿಲ್ಲ. ಕೇಳಿದ ವಿದ್ಯಾರ್ಥಿಯೂ ಒಬ್ಬನಿಲ್ಲ. ಕೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆನೋ ಏನೋ.

ಕತ್ತಲಾಗುವ ವರೆಗೂ ನಾವು ಅಲ್ಲಿಯೇ ಕುಳಿತಿದ್ದೆವು. ಅಕ್ಕ ನನಗೊಂದು ಉಂಡಿ ಕೊಟ್ಟು, ತಾನೊಂದನ್ನು ತೆಗೆದುಕೊಂಡು, “ಬೆಲ್ಲ ಕಡಿಮಿ ಆಗ್ಯಾದ. ಅವ್ವನ ಕೈ ನನಗ ಬರಲಿಲ್ಲ” ಎಂದಳು. ಬೆಲ್ಲ ಸರಿಯಾಗಿಯೇ ಇದ್ದಿತು. ಹೊರಗಡೆ ಆಡುತ್ತಿದ್ದ ಹುಡುಗರಿಗೆ ಉಳಿದುವನ್ನು ಹಂಚಿದಳು.

ಆ ರಾತ್ರಿ ವಸತಿಗೃಹದಲ್ಲಿ ಚಳಿ ಹೆಚ್ಚಾಗಿತ್ತು. ಅಕ್ಕ ಚೀಲದ ತಳದಿಂದ ಅವ್ವನ ಕೈಯ ಕೌದಿಯನ್ನು ತೆಗೆದಳು; ಅದನ್ನೂ ತಂದಿದ್ದಳೆಂದು ನನಗೆ ತಿಳಿದೇ ಇರಲಿಲ್ಲ. ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ, ಅಂಚಿನಿಂದ ಒಳಗೊಳಗೆ ದಾರ ಎಳೆಯುತ್ತ ಬಂದು ನಡುವಿನಲ್ಲಿ ಮುಗಿಸುವದು ಅವಳ ರೀತಿ. ಒಂದೊಂದು ಕೌದಿಗೆ ಒಂದೊಂದು ಬೇಸಿಗೆ ಹಿಡಿಯುತ್ತಿತ್ತು. ಅಕ್ಕ ದೀಪದ ಬೆಳಕಿನಲ್ಲಿ ತುಂಡುಗಳ ಮೇಲೆ ಬೆರಳಿಟ್ಟು ಗುರುತಿಸುತ್ತ ಹೋದಳು: ಇದು ಅವಳ ಲಗ್ನದ ಇಳಕಲ್ಲ ಸೀರೆಯ ಸೆರಗು, ಇದು ಅಜ್ಜಿಯದು, ಇದು ನಿನ್ನ ತೊಟ್ಟಿಲ ಬಟ್ಟೆ. ಒಂದು ಮೂಲೆಯಲ್ಲಿ ಮಾಸಿದ ಕೆಂಪು ತುಂಡೊಂದಿತ್ತು. ಅದು ಎರಡನೆಯ ಪಂಚಮಿಗೆ, ಕಟ್ಟಕಡೆಯದಾಗಿ, ತವರವರು ಉಡಿಸಿದ ಸೀರೆಯ ಕುಪ್ಪಸದ ಕಣವಂತೆ. ಅದನ್ನು ಅವಳು ಹೊಲಿಸಿಕೊಳ್ಳದೆ ಕೌದಿಗೆ ಹಚ್ಚಿದ್ದಳು.

ಮರುದಿನ ಮರಳುವ ರೈಲಿನಲ್ಲಿ ನಾವು ಹೆಚ್ಚು ಮಾತನಾಡಲಿಲ್ಲ. ಆಲಮಟ್ಟಿಯ ನೀರು ಬಂದು ಹೋಯಿತು. ಬಾದಾಮಿಯ ಕೆಂಪು ಗುಡ್ಡಗಳು ಬಂದುವು. ಆಗ ನನಗೊಂದು ಸಂಗತಿ ಹೊಳೆದು ಮೈ ಬೆವರಿತು. ನಮ್ಮ ಸೀಮೆಯಲ್ಲಿ ಪಂಚಮಿಯೆಂದರೆ ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆತರುವ ಹಬ್ಬ. ಅವ್ವನಿರುವ ವರೆಗೆ ಅಕ್ಕ ಪ್ರತಿ ಶ್ರಾವಣಕ್ಕೂ ಬರುತ್ತಿದ್ದಳು; ಅವ್ವನೇ ಹೇಳಿಕಳಿಸುತ್ತಿದ್ದಳು. ಅವ್ವ ತೀರಿಕೊಂಡ ಮೇಲೆ ನಾನು ಒಮ್ಮೆಯೂ ಕರೆದಿರಲಿಲ್ಲ. ಮೊದಲ ವರುಷ ಸೂತಕದ ನೆಪ. ಆ ಮೇಲಿನವಕ್ಕೆ ನೆಪವೂ ಇಲ್ಲ, ಮರೆವು. ಮಾವಂದಿರನ್ನು ಮನಸ್ಸಿನಲ್ಲಿಯೇ ನಾನು ಬೈಯುತ್ತ ಕುಳಿತಿದ್ದೆನು. ಧಾರವಾಡದ ಆ ಮನೆ, ಅದರ ಹಿತ್ತಲು, ಹಂಡೆ, ಒಲೆ ಇವೆಲ್ಲ ಅಕ್ಕನಿಗೆ ಏನಾಗಬೇಕೆಂದು ಯೋಚಿಸಿರಲಿಲ್ಲ.

“ಅಕ್ಕಾ, ಈ ಪಂಚಮಿಗೆ ಬಾ” ಎಂದೆನು.

ಅವಳು ಕಿಟಕಿಯ ಹೊರಗೆ ನೋಡುತ್ತಲೇ, “ಕರೀಲಿಕ್ಕೆ ಬರತೀಯೋ, ಫೋನಿನಾಗ ಕರಿತೀಯೋ?” ಎಂದು ಕೇಳಿದಳು.

2025 ರ ಶ್ರಾವಣದಲ್ಲಿ ನಾನೇ ರಾಣೇಬೆನ್ನೂರಿಗೆ ಹೋಗಿ ಕರೆತಂದೆನು. ಐದು ದಿನವಿದ್ದಳು. ಹಿತ್ತಲಿನ ಮಾವಿನ ಟೊಂಗೆಗೆ ಜೋಕಾಲಿ ಕಟ್ಟಿಸಿದಳು. ಮೊಣಕಾಲಿನ ನೋವಿದ್ದರೂ ತಾನೇ ಮೊದಲು ಕುಳಿತಳು. ನನ್ನ ಹೆಂಡತಿಯ ಉಂಡಿಗೆ ಯಾಲಕ್ಕಿ ಹೆಚ್ಚಾಯಿತೆಂದಳು. ಹೊರಗೆ ಮಳೆ ಸುರಿಯುತ್ತಿರಲು, ಮೊಮ್ಮಗನು ಚರಿಗೆಯ ನೀರನ್ನು ಅಂಗಳಕ್ಕೆ ಚೆಲ್ಲಿದನೆಂದು ಅವನ ಕಿವಿ ಹಿಂಡಿದಳು. ಹೋಗುವ ದಿನ ಉಡಿಸಿದ ಸೀರೆಯ ಕುಪ್ಪಸದ ಕಣವನ್ನು ಮಡಿಸಿ ಚೀಲದಲ್ಲಿ ಇಡುತ್ತಿರಲು, ಅದನ್ನು ಹೊಲಿಸಿಕೊಳ್ಳಬೇಕೆಂದು ನಾನು ಎರಡು ಸಲ ಹೇಳಿದೆನು.